ಘಟ್ಟದ ತಿರುವಿನಲ್ಲಿ ಸೈಕಲ್ ಸಾಲು

ಮಾನ್ಯರೇ,

ಮಳೆಗಾಲ ಮುಗಿಯಿತೆಂದರೆ ಕರಾವಳಿಯ ಹೆದ್ದಾರಿ 66ರಲ್ಲೂ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲೂ ದೂರದೂರಿನ ಸೈಕಲ್ ತಂಡಗಳು ಕಾಣತೊಡಗುತ್ತವೆ. ಘಟ್ಟದಲ್ಲಿ ಇಪ್ಪತ್ತು ಮಂದಿ ಒಂದೇ ಸಾಲಾಗಿ ಹೊರಟರೆ ಹಿಂದಿಕ್ಕಲು ಹೊರಟ ಲಾರಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಎದುರಿಗೆ ಬಸ್ಸು ಬಂತೋ, ಚಾಲಕ ಎಡಕ್ಕೆ ಎಳೆಯುವುದು ಸೈಕಲ್‌ಗಳ ಮೇಲೆಯೇ. ನಾಲ್ಕೈದು ಜನರ ಗುಂಪು ಮಾಡಿ, ನಡುವೆ ಕನಿಷ್ಠ 100 ಮೀಟರ್ ಬಿಟ್ಟರೆ ಲಾರಿಗೆ ಒಳಸೇರಲು ಜಾಗ ಸಿಗುತ್ತದೆ.

ಡಾಂಬರಿನ ಅಂಚಿಗೇ ಅಂಟಿಕೊಂಡು ಹೋಗುವುದು ಕ್ಷೇಮ ಎಂಬುದು ತಪ್ಪು ತಿಳಿವಳಿಕೆ. ಮಳೆಗೆ ಮಣ್ಣು ಕೊಚ್ಚಿಹೋದಲ್ಲಿ ಅಂಚು ಮೆಟ್ಟಿಲಿನಂತಾಗಿರುತ್ತದೆ. ಕೆಳಗಿಳಿದ ಚಕ್ರವನ್ನು ಓರೆಯಾಗಿ ಹತ್ತಿಸಹೋದರೆ ಸವಾರ ಬೀಳುವುದು ರಸ್ತೆಯ ಮೇಲೇ. ಅಂಚಿನಿಂದ ಮುಕ್ಕಾಲು ಮೀಟರ್ ದೂರ ಬಿಟ್ಟು ಸಾಗಬೇಕು.

ಟ್ಯಾಂಕರ್ ದಾಟುವಾಗ ಗಾಳಿ ಮೊದಲು ಹೊರಗೆ ತಳ್ಳಿ, ಬಾಲ ದಾಟಿದೊಡನೆ ಒಳಗೆ ಸೆಳೆಯುತ್ತದೆ. ಚಾಲಕರು ಒಂದೂವರೆ ಮೀಟರ್ ಅಂತರ ಬಿಡಲಿ ಎನ್ನುವುದು ಅದಕ್ಕೇ. ಹಾರ್ನ್ ದೂರದಿಂದ ಒಮ್ಮೆ ಸಾಕು. ಬೆನ್ನಿಗೇ ಬಂದು ಒತ್ತಿದರೆ ಸೈಕಲ್ ಓಲಾಡುತ್ತದೆ.

ಸವಾರರೇ, ತಿರುವಿನಲ್ಲಿ ಹಿಂದಿನ ವಾಹನಕ್ಕೆ ‘ಹೋಗಿ’ ಎಂದು ಕೈಸನ್ನೆ ಮಾಡುವ ಉಪಕಾರ ಬೇಡ. ತಂಡದ ವ್ಯಾನು ಹಿಂದೆ ತೆವಳದೆ ಮುಂದೆ ಹೋಗಿ ಕಾಯಲಿ. ಫೋಟೊಗೆ ನಿಲ್ಲುವುದಾದರೆ ಸೈಕಲ್ಲನ್ನು ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ.

– ಸೈಕಲ್ ಸವಾರರು, ಶಿರಸಿ