ಗೋಮುಖದ ನೀರು ಬರೀ ಕರಗಿದ ಹಿಮವಲ್ಲ

ಮಾನ್ಯ ಸಂಪಾದಕರೇ,

ಚಾರ್‌ಧಾಮ್ ಯಾತ್ರೆಯ ಹಂಗಾಮು ಬಂತೆಂದರೆ ಗಂಗಾಮೂಲದ ನೀರಿನ ಬಗ್ಗೆ ಎರಡು ಬಗೆಯ ಬರಹಗಳು ಓಡಾಡುತ್ತವೆ. ಅದು ಬಟ್ಟಿ ಇಳಿಸಿದಷ್ಟು ಶುದ್ಧ ಎನ್ನುವುದು ಒಂದು. ಅಲ್ಲೂ ಸಲ್ಫೇಟ್ ಸಿಕ್ಕಿತು, ಕಬ್ಬಿಣ ಸಿಕ್ಕಿತು, ಮಾಲಿನ್ಯ ಗಂಗೋತ್ರಿ ಹಿಮನದಿಯ ಬಾಯಿಯಾದ ಗೋಮುಖವನ್ನೂ ಮುಟ್ಟಿತು ಎನ್ನುವುದು ಇನ್ನೊಂದು. ಎರಡರಲ್ಲೂ ಬಂಡೆಯ ಮಾತೇ ಇಲ್ಲ.

ಎತ್ತರದಲ್ಲಿ ಬಿದ್ದ ಹೊಸ ಹಿಮವನ್ನು ಕರಗಿಸಿ ಅಳೆದರೆ ವಿದ್ಯುದ್ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಸಾಮಾನ್ಯವಾಗಿ ಸೆಂ.ಮೀ.ಗೆ 10 ಮೈಕ್ರೊಸೀಮನ್ಸ್ ಕೂಡ ದಾಟದು. ಅದೇ ನೀರು ಹಿಮನದಿಯ ತಳದಿಂದ ಹೊರಬೀಳುವ ಹೊತ್ತಿಗೆ ಹಲವು ಪಟ್ಟು ಹೆಚ್ಚು ಲವಣ ಹೊತ್ತಿರುತ್ತದೆ. ಗಂಗೋತ್ರಿ ಹಿಮನದಿ ಸುಮಾರು 30 ಕಿ.ಮೀ. ಉದ್ದ, ತಳಕ್ಕೆ ಕಚ್ಚಿಕೊಂಡ ಕಲ್ಲುಗಳ ಸಮೇತ ಅಷ್ಟು ಮಂಜುಗಡ್ಡೆ ಜಾರುವಾಗ ಕೆಳಗಿನ ಬಂಡೆ ನುಣ್ಣಗೆ ಅರೆದುಹೋಗುತ್ತದೆ. ಗೋಮುಖದಿಂದ ಹೊರಡುವ ಭಾಗೀರಥಿಯ ಬೂದು ಬಣ್ಣ ಈ ಹಿಟ್ಟಿನದೇ. 1 ಸೆಂ.ಮೀ. ಘನಾಕಾರದ ಕಲ್ಲಿನ ಹೊರಮೈ 6 ಚದರ ಸೆಂ.ಮೀ. ಅದನ್ನೇ 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಚೂರುಗಳಾಗಿ ಪುಡಿಮಾಡಿದರೆ 6,000 ಚದರ ಸೆಂ.ಮೀ. ಕಲ್ಲುಪ್ಪಿಗಿಂತ ಪುಡಿಯುಪ್ಪು ಬೇಗ ಕರಗುವುದು ಇದೇ ಲೆಕ್ಕದಲ್ಲಿ.

ಅಲ್ಲಿನ ಬಂಡೆ ಬಹುಪಾಲು ಗ್ರಾನೈಟ್ ಮತ್ತು ನೈಸ್ (ಶಾಖ, ಒತ್ತಡದಲ್ಲಿ ಮಾರ್ಪಟ್ಟ ಪಟ್ಟೆಪಟ್ಟೆ ಶಿಲೆ). ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್‌ಗಳೇ ತುಂಬಿರುವ ಇಂಥ ಬಂಡೆಯ ಮೇಲೆ ಹರಿದ ನೀರಿನಲ್ಲಿ ಸೋಡಿಯಂ, ಸಿಲಿಕಾ ಮುಂದಿರಬೇಕಿತ್ತು. ಆದರೆ ಮುಂದಿರುವುದು ಕ್ಯಾಲ್ಸಿಯಂ! ಕಾರಣ ಇಷ್ಟೆ: ಫೆಲ್ಡ್‌ಸ್ಪಾರ್ ಚಳಿಯಲ್ಲಿ ಕರಗುವುದು ತೀರಾ ನಿಧಾನ; ಬಂಡೆಯ ಸಂದುಗಳಲ್ಲಿ ಅಲ್ಪಸ್ವಲ್ಪ ಇರುವ ಕ್ಯಾಲ್ಸೈಟ್ (ಸುಣ್ಣದ ಕಲ್ಲಿನ ಖನಿಜ) ಮತ್ತು ಪೈರೈಟ್ ಗಾಳಿ-ನೀರು ಸೋಕಿದ ಕೂಡಲೇ ಕೆಲಸ ಶುರುಮಾಡುತ್ತವೆ. ಅರೆಯುವಿಕೆ ದಿನವೂ ಹೊಸ ಮೇಲ್ಮೈ ತೆರೆಯುವುದರಿಂದ ಈ ಎರಡರ ಸರಬರಾಜು ನಿಲ್ಲುವುದಿಲ್ಲ.

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ. ಆಮ್ಲಜನಕವಿರುವ ನೀರಿನಲ್ಲಿ, ಬ್ಯಾಕ್ಟೀರಿಯಾಗಳ ನೆರವಿನಿಂದ, ಅದು ಉತ್ಕರ್ಷಿಸಿ ಗಂಧಕಾಮ್ಲ ಕೊಡುತ್ತದೆ. ಆಮ್ಲ ಪಕ್ಕದ ಕ್ಯಾಲ್ಸೈಟನ್ನು ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳಾಗಿ ಕರಗಿಸಿ ತಾನು ಸಲ್ಫೇಟ್ ಆಗುತ್ತದೆ, ಕಬ್ಬಿಣ ತುಕ್ಕಾಗಿ ಹಿಂದುಳಿಯುತ್ತದೆ. ಈ ಜೋಡಿಯೇ ಎಲ್ಲ ಕೆಲಸ ಮಾಡಿದ್ದರೆ ಸಲ್ಫೇಟ್ ಮತ್ತು ಬೈಕಾರ್ಬೊನೇಟ್ ವಿದ್ಯುದಂಶದ ಲೆಕ್ಕದಲ್ಲಿ ಸಮಸಮ ಬರಬೇಕು. ಲೆಕ್ಕಕ್ಕೆಂದು ಒಂದು ಲೀಟರ್ ತೆಗೆದುಕೊಳ್ಳಿ: ಕ್ಯಾಲ್ಸಿಯಂ 8 ಮಿ.ಗ್ರಾಂ., ಬೈಕಾರ್ಬೊನೇಟ್ 12.2, ಸಲ್ಫೇಟ್ 9.6. ತುಲ್ಯಾಂಕದಲ್ಲಿ, ಅಂದರೆ ವಿದ್ಯುದಂಶದ ಲೆಕ್ಕದಲ್ಲಿ, ಇವು 0.4, 0.2, 0.2 ಮಿಲಿ ಈಕ್ವಿವಲೆಂಟ್. ಬೈಕಾರ್ಬೊನೇಟ್ ಇದಕ್ಕಿಂತ ಹೆಚ್ಚಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕೂಡ ಕೈಜೋಡಿಸಿದೆ ಎಂದರ್ಥ. 0 ಡಿಗ್ರಿ ನೀರು 25 ಡಿಗ್ರಿ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಆ ಅನಿಲವನ್ನು ಹಿಡಿದಿಡಬಲ್ಲದು. ಮಂಜಿನಡಿ ಗಾಳಿಯ ಸಂಪರ್ಕ ಕಡಿಮೆ, ಹಾಗಾಗಿ ಅಲ್ಲಿ ಗಂಧಕಾಮ್ಲದ್ದೇ ಮೇಲುಗೈ. ಒಟ್ಟಿನಲ್ಲಿ ಗೋಮುಖದ ಸಲ್ಫೇಟ್ ಕಾರ್ಖಾನೆಯದಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿ.ಗ್ರಾಂ. ತನಕ ಸಲ್ಫೇಟ್ ಒಪ್ಪಿತ. ಆ ನೀರು ಮಾನಕದಲ್ಲಿ ಸೋಲುವುದು ಕದಡಿನಲ್ಲಿ. ಅದಕ್ಕೆ ಮಿತಿ 1 ಎನ್‌ಟಿಯು (ಕದಡು ಅಳೆಯುವ ಮಾನ).

ಇನ್ನು ಕಬ್ಬಿಣ. ಈ ‘ಮಾಲಿನ್ಯ’ ಹೆಚ್ಚಾಗಿ ಹುಟ್ಟುವುದು ಬಾಟಲಿಯೊಳಗೆ. ಲೋಹಗಳ ಪರೀಕ್ಷೆಗೆಂದು ಮಾದರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ) 2ಕ್ಕಿಂತ ಕೆಳಗಿಳಿಸುವುದು ವಾಡಿಕೆ. ಸೋಸದೆ ಹಾಕಿದರೆ ಆಮ್ಲ ತೇಲುವ ಕಲ್ಲುಹಿಟ್ಟನ್ನೇ ತಿಂದು ಕಬ್ಬಿಣ, ಅಲ್ಯೂಮಿನಿಯಂ ಅಂಕಿಗಳನ್ನು ಏರಿಸುತ್ತದೆ. ಆಮ್ಲ ಹಾಕದೆ ಹಾಗೇ ಇಟ್ಟರೂ ಹಿಟ್ಟು ಕರಗುತ್ತಲೇ ಇರುತ್ತದೆ, ವಾರ ಕಳೆಯುವುದರಲ್ಲಿ ಕ್ಯಾಲ್ಸಿಯಂ ಏರಿರುತ್ತದೆ. ತಿಳಿಯಾಗಲಿ ಎಂದು ಕಾಯುವುದೂ ದಾರಿಯಲ್ಲ: 2 ಮೈಕ್ರಾನ್ ಕಣ 0 ಡಿಗ್ರಿ ನೀರಿನಲ್ಲಿ 10 ಸೆಂ.ಮೀ. ಇಳಿಯಲು ಸುಮಾರು 14 ಗಂಟೆ ಬೇಕು. ಆದ್ದರಿಂದ ಹೊಳೆಯ ದಡದಲ್ಲೇ 0.45 ಮೈಕ್ರಾನ್ ಪೊರೆಯಲ್ಲಿ ಸೋಸಬೇಕು (ಅತಿಸೂಕ್ಷ್ಮ ಕಣಗಳು ಅದನ್ನೂ ದಾಟುತ್ತವೆ ಎನ್ನುವುದು ಬೇರೆ ತಕರಾರು). ಸೋಸಿದ್ದನ್ನು ಎರಡು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಕ್ಯಾಲ್ಸಿಯಂ ಮತ್ತಿತರ ಲೋಹಗಳ ಬಾಟಲಿಗೆ ಮಾತ್ರ ಆಮ್ಲ ಹಾಕಬೇಕು. ಇನ್ನೊಂದನ್ನು ಕಂಠಪೂರ್ತಿ ತುಂಬಿ ಗಾಳಿಗುಳ್ಳೆ ಉಳಿಯದಂತೆ ಮುಚ್ಚಿ, ಬೈಕಾರ್ಬೊನೇಟನ್ನು ಅಂದೇ ಟೈಟ್ರೇಟ್ ಮಾಡಬೇಕು (ಹನಿಹನಿ ಆಮ್ಲ ಹಾಕಿ ಅಳೆಯಬೇಕು). ಪಿಎಚ್ ಹೊಳೆಯಲ್ಲೇ ನೋಡಬೇಕು. ಲವಣ ಕಡಿಮೆಯಿರುವ ನೀರಿನಲ್ಲಿ ಪಿಎಚ್ ಮಾಪಕದ ಎಲೆಕ್ಟ್ರೋಡ್ ನಿಧಾನವಾಗಿ ಸ್ಥಿರಗೊಳ್ಳುವುದರಿಂದ ಅವಸರದ ಅಂಕಿ ಸುಳ್ಳು. ಸಲ್ಫೇಟಿನಲ್ಲಿ ಮಳೆ-ಹಿಮದೊಡನೆ ಬಂದ ಸಮುದ್ರದುಪ್ಪಿನ ಪಾಲು ಕಳೆಯಲು, ತೂಕದ ಲೆಕ್ಕದಲ್ಲಿ, ಕ್ಲೋರೈಡಿನ 0.14 ಪಟ್ಟು ತೆಗೆದುಹಾಕಬೇಕು. ಕೊನೆಗೆ ಧನ-ಋಣ ಅಯಾನುಗಳ (ನೀರಿನಲ್ಲಿ ಕರಗಿದ, ವಿದ್ಯುದಂಶವುಳ್ಳ ಕಣಗಳ) ತಾಳೆ ಶೇ 5ರೊಳಗೆ ಕೂಡಬೇಕು. ಕೂಡದಿದ್ದರೆ ಆ ವರದಿಯನ್ನು ಅಚ್ಚುಹಾಕದಿರುವುದೇ ಲೇಸು.

ಕರ್ನಾಟಕದ ಯಾತ್ರಿಕರು ತಂದ ಮೊಹರಾದ ತಾಮ್ರದ ಗಿಂಡಿಯ ನೀರನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕೊಟ್ಟರೆ ಸಿಗುವುದು ಗಿಂಡಿಯ ರಸಾಯನ, ಗಂಗೆಯದಲ್ಲ.

ಗಂಟೆಯನ್ನೂ ಬರೆಯಬೇಕು. ಬಿಸಿಲಿಗೆ ಕರಗಿದ ನೀರು ಸಂಜೆಯ ಕಡೆಗೆ ಉಕ್ಕಿ ಬಂದಾಗ ವಾಹಕತೆ ತಳ ಮುಟ್ಟುತ್ತದೆ, ಮುಂಜಾನೆ ಹರಿವು ಇಳಿದಾಗ ಏರುತ್ತದೆ. ಚಳಿಗಾಲದ ಸಣ್ಣ ಹರಿವಿನಲ್ಲಿ ನೀರು ಬಂಡೆಯೊಡನೆ ಬಹುಕಾಲ ಕಳೆದಿರುವುದರಿಂದ ಲವಣ ಇನ್ನೂ ದಟ್ಟ. ಮೇ ತಿಂಗಳ ಮುಂಜಾನೆಯ ಅಂಕಿಯನ್ನು ಆಗಸ್ಟ್ ಸಂಜೆಯದರ ಪಕ್ಕ ಇಟ್ಟು ‘ನದಿ ಸುಧಾರಿಸಿದೆ’ ಎನ್ನುವುದು ಅಸಂಬದ್ಧ.

ಬಂಡೆಯ ಗುರುತು ಕೆಳಗೂ ಅಳಿಯದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಸ್. ಕೃಷ್ಣಸ್ವಾಮಿ, ಎಂ.ಎಂ. ಸರಿನ್ ಮತ್ತು ಸಂಗಡಿಗರು 1980-90ರ ದಶಕಗಳಲ್ಲೇ ಗಂಗೆಯ ಅಯಾನುಗಳನ್ನು, ಬಂಡೆಯ ಗುರುತು ಹೇಳುವ ಸ್ಟ್ರಾಂಷಿಯಂ ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಬೇರೆಯಾದ ಪರಮಾಣುಗಳನ್ನು) ಅಳೆದು ಇದನ್ನು ದಾಖಲಿಸಿದ್ದಾರೆ. ಕಾವೇರಿಯ ಕಥೆ ಬೇರೆ: ಅಲ್ಲಿ ಅರೆಯುವ ಹಿಮವಿಲ್ಲ, ಹಳೆಯ ನೈಸ್ ಬಂಡೆಯನ್ನು ಮಳೆ ಮತ್ತು ಶಾಖ ನಿಧಾನವಾಗಿ ಕರಗಿಸುತ್ತವೆ.

ಸುದ್ದಿಯಾಗಬೇಕಾದದ್ದು ಹಿಮ ಹಿಂದೆ ಸರಿದಾಗ ಬಯಲಾಗುವ ಕಲ್ಲುರಾಶಿ. ಪೈರೈಟ್ ಇದ್ದು, ಆಮ್ಲವನ್ನು ತಣಿಸಲು ಕ್ಯಾಲ್ಸೈಟ್ ಇಲ್ಲದಿದ್ದರೆ ನೀರು ಹುಳಿಯಾಗುತ್ತದೆ. ಪೆರುವಿನ ಕಾರ್ಡಿಲೆರಾ ಬ್ಲಾಂಕಾದಲ್ಲಿ ಹಿಮ ಬಿಟ್ಟುಕೊಟ್ಟ ಪೈರೈಟ್‌ಭರಿತ ಬಂಡೆಗಳಿಂದ ರಿಯೊ ನೆಗ್ರೊ ಹೊಳೆಯ ಪಿಎಚ್ 4ಕ್ಕಿಂತ ಕೆಳಗಿಳಿದು, ಹಾಸುಗಲ್ಲು ತುಕ್ಕಿನ ಕೆಂಪಾಗಿದೆ. ಹಿಮಾಲಯದಲ್ಲಿ ಕ್ಯಾಲ್ಸೈಟಿನಂಥ ಕಾರ್ಬೊನೇಟ್ ಅನೇಕ ಕಡೆ ಧಾರಾಳವಾಗಿದೆ, ಎಲ್ಲ ಕಣಿವೆಗಳಲ್ಲೂ ಅಲ್ಲ. ಹೊಸದಾಗಿ ಬಯಲಾದ ಹಿಮದಂಡೆಯ ಹೊಳೆಯಿಂದ ಊರಿಗೆ ಪೈಪ್ ಎಳೆಯುವ ಮುನ್ನ ಪಿಎಚ್, ಬೈಕಾರ್ಬೊನೇಟ್, ಸಲ್ಫೇಟ್ ಮತ್ತು ಸೋಸಿದ ನೀರಿನ ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್‌ಗಳನ್ನು ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಬೇಕು. ಸಲ್ಫೇಟ್ ಏರುತ್ತ ಬೈಕಾರ್ಬೊನೇಟ್ ಇಳಿಯುತ್ತಿದ್ದರೆ, ಪಿಎಚ್ ಇನ್ನೂ 7ರ ಆಸುಪಾಸಿನಲ್ಲಿದ್ದರೂ, ಬೇರೆ ಹೊಳೆ ಹುಡುಕಿಕೊಳ್ಳಬೇಕು.

ಇಂತಿ,
ಭೂವಿಜ್ಞಾನ ಅಧ್ಯಾಪಕರಿಬ್ಬರು, ಧಾರವಾಡ