ಆಸಿಡ್ ಹೆಸರು ಕೇಳಿ ಲೋಹ ಆರಿಸಬೇಡ

ಪ್ರೀತಿಯ ಪುಟ್ಟಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಹೊಸ ಪ್ಲಾಂಟಿನ ಟ್ಯಾಂಕು, ಪಂಪು, ಪೈಪುಗಳನ್ನು ಆರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ತಿಳಿದು ತುಂಬಾ ಖುಷಿಯಾಯಿತು. ನೀನು ಕಳಿಸಿದ ಪಟ್ಟಿ ನೋಡಿದೆ. ಮೆಟೀರಿಯಲ್ ಕಾಲಂ ತುಂಬಾ ಎಸ್‌ಎಸ್ 316, ಅಂದರೆ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಅಂತಲೇ ಇದೆ. ಅದರ ಬಗ್ಗೆಯೇ ಈ ಪತ್ರ.

316 ಒಳ್ಳೆಯ ಸ್ಟೀಲೇ. ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಕ್ಲೋರೈಡ್‌ಗೆ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲಾದ 304ಕ್ಕಿಂತ ಜಾಸ್ತಿ ತಡೆಯುತ್ತದೆ. ಆದರೆ ಹೈಡ್ರೋಕ್ಲೋರಿಕ್ ಆಸಿಡ್ ಮುಂದೆ ಎರಡೂ ನಿಲ್ಲುವುದಿಲ್ಲ. ಅಲ್ಲಿಗೆ ಒಳಗೆ ರಬ್ಬರ್ ಲೈನಿಂಗ್ ಇರುವ ಟ್ಯಾಂಕು ಅಥವಾ ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಬೇಕು, ಪೈಪಿಗೆ ಪಿಟಿಎಫ್‌ಇ (ಟೆಫ್ಲಾನ್) ಲೈನಿಂಗ್ ಬೇಕು. ದುಡ್ಡು ಜಾಸ್ತಿ ಕೊಟ್ಟರೆ ಬಾಳಿಕೆ ಜಾಸ್ತಿ ಎಂಬ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ದುಬಾರಿ ಟೈಟಾನಿಯಂ ತೇವ ಇರುವ ಕ್ಲೋರಿನ್ ಗ್ಯಾಸನ್ನು ಚೆನ್ನಾಗಿ ತಡೆಯುತ್ತದೆ. ಅದೇ ಕ್ಲೋರಿನ್ ಪೂರ್ತಿ ಒಣಗಿದ್ದರೆ ಟೈಟಾನಿಯಂಗೆ ಬೆಂಕಿಯೇ ಹತ್ತಿಕೊಳ್ಳಬಹುದು. ಕಾರ್ಬನ್ ಸ್ಟೀಲಿನದು ಇದಕ್ಕೆ ಉಲ್ಟಾ. ಒಣ ಕ್ಲೋರಿನ್‌ಗೆ ಸರಿ, ತೇವ ಸೇರಿತೋ ಕೊರೆದುಹೋಗುತ್ತದೆ.

ಹೀಗಾಗಿ ಎಷ್ಟು ಸ್ಟ್ರಾಂಗ್, ಎಷ್ಟು ಬಿಸಿ, ಎಷ್ಟು ವೇಗ, ಜೊತೆಗೆ ಏನೇನು ಬೆರೆತಿದೆ ಎಂದು ಗೊತ್ತಾಗುವ ತನಕ ಕಾಲಂ ತುಂಬಬೇಡ. ಇನ್ನೂ ಒಂದು ಪ್ರಶ್ನೆ ಇದೆ, ಬಹಳ ಜನ ಅದನ್ನು ಕೇಳುವುದೇ ಇಲ್ಲ. ಪ್ಲಾಂಟ್ ಶುರು ಮಾಡುವಾಗ, ನಿಲ್ಲಿಸುವಾಗ, ತೊಳೆಯುವಾಗ ಆ ಟ್ಯಾಂಕಿನೊಳಗೆ ಏನಿರುತ್ತದೆ?

ಸಲ್ಫ್ಯೂರಿಕ್ ಆಸಿಡ್ ಟ್ಯಾಂಕನ್ನೇ ತಗೋ. ಶೇ. 98ರ ಆಸಿಡ್, ಬಿಸಿ ಮಾಡದೆ ಸುಮ್ನೆ ನಿಂತಿದ್ದರೆ, ಮಾಮೂಲಿ ಕಾರ್ಬನ್ ಸ್ಟೀಲಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಆಸಿಡ್ ಮೊದಲು ಸ್ವಲ್ಪ ಕಬ್ಬಿಣ ತಿಂದು, ಗೋಡೆಯ ಮೇಲೆ ಐರನ್ ಸಲ್ಫೇಟಿನ ಪದರ ಕಟ್ಟುತ್ತದೆ. ಕಾಪಾಡುವುದು ಆ ಪದರವೇ. ಆದರೆ ಅದು ಮೆತ್ತಗೆ. ಹರಿವು ಜೋರಾದರೆ ಕಿತ್ತುಹೋಗುತ್ತದೆ. ನೀರು ಸೇರಿದರೆ ಇನ್ನೂ ಕೆಟ್ಟದ್ದು. ಈ ಆಸಿಡ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಆಸಿಡ್ ನಿಂತ ಮಟ್ಟದ ಹತ್ತಿರ ಗೋಡೆಗೆ ತಗಲುವುದು ತೆಳು ಆಸಿಡ್. ಖಾಲಿ ಮಾಡಿ ಅರೆಬರೆ ತೊಳೆದು ಬಿಟ್ಟರೂ ತಳದಲ್ಲಿ ಉಳಿಯುವುದು ಅದೇ. ಸ್ಟೀಲನ್ನು ತಿನ್ನುವುದು ಆ ತೆಳು ಆಸಿಡ್.

ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದರ ಗುಳ್ಳೆಗಳು ಒಂದೇ ದಾರಿ ಹಿಡಿದು ಮೇಲೇರುತ್ತವೆ, ಹೋದ ದಾರಿಯಲ್ಲೆಲ್ಲ ಆ ಪದರವನ್ನು ಒರೆಸಿಕೊಂಡು ಹೋಗುತ್ತವೆ. ಹಳೆಯ ಟ್ಯಾಂಕಿನ ಗೋಡೆಯಲ್ಲಿರುವ ಮ್ಯಾನ್‌ಹೋಲ್ (ಆಳು ಒಳಗೆ ಹೋಗುವ ಬಾಯಿ) ತೆಗೆಸಿ ಅದರ ಕತ್ತಿನ ಮೇಲ್ಭಾಗವನ್ನು ಟಾರ್ಚ್ ಬಿಟ್ಟು ನೋಡು. ಬೆರಳಿನಿಂದ ಗೀರಿದ ಹಾಗೆ ಉದ್ದುದ್ದ ಕಾಲುವೆಗಳು ಕಾಣಬಹುದು. ದಪ್ಪ ಅಳೆಯುವವರು ಬರೀ ಗೋಡೆಗೆ ಪ್ರೋಬ್ ಇಟ್ಟು ಹೋದರೆ ಇದು ತಪ್ಪಿಹೋಗುತ್ತದೆ. ಅದೇ ಹೈಡ್ರೋಜನ್ ಚಾವಣಿಯಡಿ ಸೇರಿಕೊಂಡಿರುವಾಗ ಯಾರಾದರೂ ಮೇಲೆ ವೆಲ್ಡಿಂಗ್ ಶುರು ಮಾಡಿದರೆ ಟ್ಯಾಂಕ್ ಸಿಡಿಯುತ್ತದೆ. ಜೀವ ಹೋಗುತ್ತದೆ ಪುಟ್ಟಿ. ಅದಕ್ಕೇ ಗಾಳಿ ಒಣಗಿಸಿ ಒಳಗೆ ಬಿಡುವ ಬ್ರೀದರ್, ಪೂರ್ತಿ ಖಾಲಿಯಾಗುವ ಇಳಿಜಾರು ತಳ, ಚಾವಣಿಯ ಅತಿ ಎತ್ತರದ ಜಾಗದಲ್ಲಿ ವೆಂಟ್, ಈ ಮೂರನ್ನೂ ಡ್ರಾಯಿಂಗಿನಲ್ಲೇ ಹಾಕಿಸು. ಆಮೇಲೆ ಯಾರೂ ಹಾಕಿಸುವುದಿಲ್ಲ.

ಬಿಸಿ ರಿಯಾಕ್ಷನ್‌ಗೆ ಗ್ಲಾಸ್ ಲೈನ್ಡ್ ರಿಯಾಕ್ಟರ್ ಕೇಳಿದ್ದೀಯ, ಸರಿಯಾಗಿದೆ. ಆದರೆ ಹೈಡ್ರೋಫ್ಲೋರಿಕ್ ಆಸಿಡ್ ಸ್ವಲ್ಪ ಬೆರೆತಿದ್ದರೂ ಗಾಜು ಕರಗುತ್ತದೆ. ಬಿಸಿ ಕಾಸ್ಟಿಕ್ (ಕಾಸ್ಟಿಕ್ ಸೋಡಾ ದ್ರಾವಣ) ಕೂಡ ಅದನ್ನು ಸವೆಸುತ್ತದೆ. ಬ್ಯಾಚ್ ಮುಗಿದ ಮೇಲೆ ಕಾಸ್ಟಿಕ್ಕಿನಿಂದ ತೊಳೆಯುತ್ತಾರಾ, ಎಷ್ಟು ಬಿಸಿಯಲ್ಲಿ ಎಂದು ಪ್ರೊಡಕ್ಷನ್‌ನವರನ್ನು ಬಾಯಿಬಿಟ್ಟು ಕೇಳು. ಕಾಗದದಲ್ಲಿ ಅದು ಇರುವುದಿಲ್ಲ.

316 ಉಳಿಸಿಕೊಳ್ಳುವ ಕಡೆ ವೆಲ್ಡಿಂಗ್ ಇದ್ದರೆ ಕಾರ್ಬನ್ ಕಡಿಮೆ ಇರುವ 316ಎಲ್ ಬರೆ. ಕಾರ್ಬನ್ ಶೇ. 0.03ರ ಒಳಗಿದ್ದರೆ ವೆಲ್ಡಿನ ಅಕ್ಕಪಕ್ಕ ತುಕ್ಕು ಹಿಡಿಯುವ ಭಯ ಕಡಿಮೆ. ಕ್ಲೋರೈಡ್ ಇದ್ದು 60 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಬಿರುಕು ಬಿಡುವ ಅಪಾಯವಿದೆ, ಅಲ್ಲಿ ಬೇರೆ ಯೋಚಿಸು. ಮಾಲು ಬಂದಾಗ ಬರೀ ಸರ್ಟಿಫಿಕೇಟ್ ನೋಡಿ ಒಳಗೆ ಬಿಡಬೇಡ. 304 ಮತ್ತು 316 ಕಣ್ಣಿಗೆ ಒಂದೇ, ಆಯಸ್ಕಾಂತ ಇಟ್ಟರೂ ವ್ಯತ್ಯಾಸ ತಿಳಿಯುವುದಿಲ್ಲ. ಲೋಹದಲ್ಲಿ ಏನೇನಿದೆ ಎಂದು ಹೇಳುವ ಪಿಎಂಐ ಗನ್ ಇಟ್ಟು ನೋಡಿಸು.

ಗ್ಯಾಸ್ಕೆಟ್ಟು, ವಾಲ್ವ್ ಸೀಟು, ಪಂಪಿನ ಸೀಲುಗಳನ್ನು ಸಪ್ಲೈಯರ್‌ಗೆ ಬಿಟ್ಟಿದ್ದೀಯ. ಬಿಡಬೇಡ. ಎಷ್ಟೋ ಆಸಿಡ್‌ಗಳಿಗೆ ಜಗ್ಗದ ವೈಟಾನ್ ರಬ್ಬರ್ ಬಿಸಿ ಕಾಸ್ಟಿಕ್ಕಿಗೆ ಕೆಟ್ಟುಹೋಗುತ್ತದೆ. ಸೋರಿದರೆ ಮೈಮೇಲೆ ಬೀಳುವುದು ಶಿಫ್ಟಿನಲ್ಲಿರುವ ಹುಡುಗರಿಗೆ.

ಪ್ರಯೋಗಕ್ಕೆ ಹಾಕಿದ ಚಿಕ್ಕ ಪೈಲಟ್ ಪ್ಲಾಂಟ್ ಇನ್ನೂ ಓಡುತ್ತಿದೆ ಅಲ್ವಾ? ಹಾಗಾದರೆ ಅದರಲ್ಲಿ ಬೇರೆ ಬೇರೆ ಲೋಹದ ಕೂಪನ್‌ಗಳನ್ನು, ಅಂದರೆ ಪರೀಕ್ಷೆಯ ಸಣ್ಣ ತುಂಡುಗಳನ್ನು ನೇತುಹಾಕಿಸು. ಒಂದಷ್ಟು ದ್ರವದೊಳಗೆ, ಒಂದಷ್ಟು ಆವಿಯಲ್ಲಿ, ಒಂದಷ್ಟು ಮಟ್ಟದ ಗೆರೆಯಲ್ಲೇ. ವೆಲ್ಡ್ ಮಾಡಿದ ತುಂಡುಗಳೂ ಇರಲಿ. ತೂಕ ಎಷ್ಟು ಇಳಿಯಿತು ಎಂದು ಮಾತ್ರ ನೋಡಬೇಡ, ಭೂತಗನ್ನಡಿ ಹಿಡಿದು ಸೂಜಿಮೊನೆಯಷ್ಟು ತೂತು ಇದೆಯಾ ಹುಡುಕು. ತೂಕ ಇಳಿಯದೆಯೂ ತೂತು ಬೀಳುತ್ತದೆ.

ಆ ಫಲಿತಾಂಶ ಬಂದ ಮೇಲೆ ಪಟ್ಟಿ ಕಳಿಸು, ಒಂದೊಂದೇ ಸಾಲು ಕೂತು ನೋಡೋಣ. ಹೈಡ್ರೋಕ್ಲೋರಿಕ್ ಲೈನಿನ 316 ಮಾತ್ರ ಅಲ್ಲಿಯ ತನಕ ಕಾಯುವುದು ಬೇಡ. ಆರ್ಡರ್ ಹೋಗುವ ಮುಂಚೆ, ಇವತ್ತೇ ತೆಗೆಸು.

ಇಂತಿ ನಿನ್ನ
ಚಿಕ್ಕಪ್ಪ