ಕೃತಕ ಬುದ್ಧಿಮತ್ತೆಯ ಪಾಠ ಅರಿವು ಕೇಂದ್ರದಲ್ಲೂ ನಡೆಯಲಿ: ಚಿತ್ರದುರ್ಗ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸಿಬಿಎಸ್‌ಇ ಪಠ್ಯಕ್ರಮದ ಒಂಬತ್ತನೇ ತರಗತಿಗೆ ಕೃತಕ ಬುದ್ಧಿಮತ್ತೆ 2019ರಲ್ಲಿಯೇ ಐಚ್ಛಿಕ ವಿಷಯವಾಗಿ ಬಂತು. ಮೊಳಕಾಲ್ಮೂರು, ಹೊಸದುರ್ಗದ ಕಡೆಯ ಕನ್ನಡ ಶಾಲೆಗಳ ಮಕ್ಕಳ ಕೈಗಾದರೋ ಅದು ಪಾಠವಾಗಿ ಬರುವ ಮೊದಲೇ ಅಪ್ಪ ಅಮ್ಮನ ಮೊಬೈಲಿನ ಮೂಲಕ ಬರುತ್ತಿದೆ. ಆದ್ದರಿಂದ ಈ ತಿಳಿವಳಿಕೆ ಶಾಲೆಯ ಕಂಪ್ಯೂಟರ್ ಕೊಠಡಿಗೇ ಸೀಮಿತವಾಗದೆ ಪೋಷಕರನ್ನೂ ಮುಟ್ಟಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಅರಿವು ಕೇಂದ್ರಗಳೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೂ ಸರ್ಕಾರಿ ಶಾಲೆಗಳೂ ತಮ್ಮ ಮೇಲುಸ್ತುವಾರಿಗೆ ಬರುವುದರಿಂದ ತಮಗೇ ಬರೆಯುತ್ತಿದ್ದೇನೆ.

ಚಾಟ್‌ಜಿಪಿಟಿಯಂಥ ಸಾಧನಗಳು ಅಪಾರ ಬರಹಗಳಿಂದ ಕಲಿತ ಜಾಡಿನಲ್ಲಿ ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ಉತ್ತರ ಕಟ್ಟುತ್ತವೆಯಾದ್ದರಿಂದ, ತಪ್ಪು ಉತ್ತರವೂ ಸರಿಯುತ್ತರದಷ್ಟೇ ನಿರರ್ಗಳವಾಗಿರುತ್ತದೆ. ಇದನ್ನು ಭಾಷಣದಿಂದ ಮನವರಿಕೆ ಮಾಡಿಸುವುದು ಕಷ್ಟ. ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಶಾಸನದ ಬಗ್ಗೆ ಮಕ್ಕಳು ಮೊಬೈಲನ್ನು ಕೇಳಲಿ, ಬಂದ ಉತ್ತರದ ಒಂದೊಂದು ಸಾಲನ್ನೂ ಗ್ರಂಥಾಲಯದ ಪುಸ್ತಕದೊಂದಿಗೆ ತಾಳೆ ನೋಡಲಿ, ಸಾಧ್ಯವಾದರೆ ಶಿಕ್ಷಕರೊಡನೆ ಆ ಬಂಡೆಯ ಬಳಿಗೇ ಹೋಗಿ ಬರಲಿ. ಪೋಷಕರಿಗೆ ಬೇರೆಯದೇ ಉದಾಹರಣೆ ಬೇಕು: ಶೇಂಗಾ ಎಲೆಯ ಚುಕ್ಕೆ ರೋಗಕ್ಕೆ ಮೊಬೈಲು ಹೇಳಿದ ಔಷಧಿಯನ್ನೂ ಅದರ ಪ್ರಮಾಣವನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸದೆ ಹೊಲಕ್ಕೆ ಸಿಂಪಡಿಸಬಾರದು ಎಂಬ ಎಚ್ಚರವೇ ಅವರಿಗೆ ಮೊದಲ ಪಾಠವಾಗಬೇಕು. ಮಕ್ಕಳದ್ದೋ ನೆಂಟರದ್ದೋ ಧ್ವನಿಯನ್ನು ನಕಲು ಮಾಡಿ ಹಣ ಕೇಳುವ ವಂಚನೆಯನ್ನೂ ಅಲ್ಲಿಯೇ ವಿವರಿಸಬಹುದು.

ಇನ್ನೊಂದು ಮಾತು. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಯಾವುದಕ್ಕೆ ಒಪ್ಪುತ್ತಿದ್ದೇವೆಂದೇ ತಿಳಿಯದ ತಂದೆತಾಯಿ ಗುಂಡಿ ಒತ್ತಿಬಿಟ್ಟರೆ, ಆ ಕಾಯ್ದೆಯಿಂದ ಮಗುವಿಗೆ ಸಿಗುವ ರಕ್ಷಣೆಯಾದರೂ ಎಷ್ಟು?

ಕಲಿಸುವವರನ್ನು ದೂರದಿಂದ ಕರೆಸಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೇ ಇದೆ. ಪ್ರತಿ ತಾಲ್ಲೂಕಿನಿಂದ ಕೆಲವು ಶಿಕ್ಷಕರೂ ಅರಿವು ಕೇಂದ್ರದ ಮೇಲ್ವಿಚಾರಕರೂ ಅಲ್ಲಿ ಒಟ್ಟಿಗೆ ಕಲಿತು ಬರುವಂತೆ ತಾವು ಆ ಸಂಸ್ಥೆಯೊಂದಿಗೆ ಮಾತನಾಡಬೇಕು. ಅವರು ಊರಿಗೆ ಮರಳಿದ ಮೇಲೆ ಕೂಲಿ ಕೆಲಸ ಮುಗಿಸಿ ಬರುವವರಿಗೂ ಅನುಕೂಲವಾಗುವಂತೆ ಸಂಜೆಯ ಹೊತ್ತು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರ ನೆರವಿನಿಂದ, ಕನ್ನಡದಲ್ಲಿಯೇ ತರಗತಿ ನಡೆಸುವಂತೆ ಸುತ್ತೋಲೆ ಹೊರಡಿಸಬೇಕು. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಟ್ಟು, ಮಕ್ಕಳು ಹೇಳಿದ್ದನ್ನು ನಡವಳಿಯಲ್ಲಿ ದಾಖಲಿಸುವಂತೆಯೂ ಪಂಚಾಯಿತಿಗಳಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ವಿದ್ಯಾರ್ಥಿಯೊಬ್ಬರ ಪೋಷಕಿ
ಚಳ್ಳಕೆರೆ ತಾಲ್ಲೂಕು